ನದಿ ಕಣಿವೆಯಲ್ಲಿ ಒಂದು ವೀಕ್ಷಣಾ ಪಾಠ: ಅಘನಾಶಿನಿಯ ಉದಾಹರಣೆ

ಬೋಧನಾಭ್ಯಾಸದ ಅವಧಿಯಲ್ಲಿ ಕ್ಷೇತ್ರ ಭೇಟಿಯ ಪಾಠ ಬಂದಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಕಾಡಿನಲ್ಲಿರುವ ಪ್ರಾಣಿಗಳ ಪಟ್ಟಿಯನ್ನು ಮೊದಲೇ ಬರೆಸಿ, ಅಲ್ಲಿಗೆ ಹೋದ ಮೇಲೆ ಒಂದೊಂದಾಗಿ ಗುರುತು ಹಾಕಿಸುತ್ತಾರೆ. ಇನ್ನು ಕೆಲವರು ಮಕ್ಕಳನ್ನು ಜಲಪಾತದ ಎದುರು ನಿಲ್ಲಿಸಿ, ‘ಪ್ರಕೃತಿ ಎಷ್ಟು ಸುಂದರವಾಗಿದೆ ನೋಡಿ’ ಎಂದು ಹೇಳಿ, ಒಂದು ಗುಂಪು ಫೋಟೊ ತೆಗೆದು ಹಿಂದಿರುಗುತ್ತಾರೆ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಮರುದಿನ ತರಗತಿಯಲ್ಲಿ ‘ಏನೇನು ನೋಡಿದಿರಿ?’ ಎಂದು ಕೇಳಿದರೆ, ‘ಜಲಪಾತ ನೋಡಿದೆವು ಸರ್, ಪ್ರಾಣಿ ಏನೂ ಕಾಣಲಿಲ್ಲ’ ಎಂಬ ಉತ್ತರ ಬರುತ್ತದೆ.

ಈ ಉತ್ತರದಲ್ಲಿ ಎರಡು ಕಲಿಕಾ ದೋಷಗಳಿವೆ. ಜಲಪಾತ ಬೇರೆ, ಪ್ರಾಣಿ ಬೇರೆ ಎಂದು ಮಗು ತಿಳಿದಿದೆ. ಪ್ರಾಣಿ ಕಣ್ಣೆದುರು ಬಂದು ನಿಂತರೆ ಮಾತ್ರ ಅದು ವೀಕ್ಷಣೆ ಎಂದೂ ತಿಳಿದಿದೆ. ಬೆಟ್ಟದ ನದಿ ಕಣಿವೆಯಲ್ಲಿ ನೋಟಕ್ಕೂ ಜೀವಿಗಳಿಗೂ ನೇರ ಸಂಬಂಧವಿದೆ. ನೆಲದ ಇಳಿಜಾರು ನೀರಿನ ದಾರಿಯನ್ನು ನಿರ್ಧರಿಸುತ್ತದೆ, ನೀರು ಮರಗಳನ್ನು ನಿರ್ಧರಿಸುತ್ತದೆ, ಮರಗಳು ಅಲ್ಲಿ ಯಾವ ಪ್ರಾಣಿ ಬದುಕಬಲ್ಲದು ಎಂಬುದನ್ನು ನಿರ್ಧರಿಸುತ್ತವೆ. ಆದ್ದರಿಂದ ‘ಇಲ್ಲಿ ಏನಿದೆ?’ ಎಂಬುದಕ್ಕಿಂತ ‘ಇದು ಇಲ್ಲಿಯೇ ಏಕಿದೆ?’ ಎಂಬುದು ಈ ಪಾಠದ ಮುಖ್ಯ ಪ್ರಶ್ನೆಯಾಗಬೇಕು. ಹಾಗೆ ಯೋಜಿಸಿದರೆ ಒಂದು ಪ್ರಾಣಿಯೂ ಕಾಣದ ದಿನ ಸಹ ಪಾಠ ಪೂರ್ಣವಾಗುತ್ತದೆ.

ಈ ಲೇಖನದಲ್ಲಿ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಕಣಿವೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, 8ನೇ ತರಗತಿಯ ವಿಜ್ಞಾನ ವಿಷಯದ ‘ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆ’ ಘಟಕಕ್ಕೆ ಹೊಂದುವ ಪಾಠಯೋಜನೆಯೊಂದನ್ನು ಕೊಡಲಾಗಿದೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳೂ ಭೂಸ್ವರೂಪದ ಭಾಗವನ್ನು ಬಳಸಿಕೊಳ್ಳಬಹುದು.

ಶಿಕ್ಷಕರಿಗೆ ಬೇಕಾದ ವಿಷಯ ಜ್ಞಾನ

ಅಘನಾಶಿನಿಯ ಮೂಲವನ್ನು ಶಿರಸಿಯ ಶಂಕರ ಹೊಂಡದಲ್ಲಿ ಗುರುತಿಸುತ್ತಾರೆ. ಮಂಜುಗುಣಿ ಕಡೆಯಿಂದ ಬರುವ ಹಳ್ಳವೂ ಇದನ್ನು ಸೇರುತ್ತದೆ. ನದಿ ಸುಮಾರು 120 ಕಿ.ಮೀ. ಹರಿದು ಕುಮಟಾ ತಾಲ್ಲೂಕಿನಲ್ಲಿ, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲ. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಕಣಿವೆಯ ದೊಡ್ಡ ಭಾಗ ಮುಳುಗಿತು. ಒಂದೇ ಮಳೆ, ಒಂದೇ ಬೆಟ್ಟಸಾಲು ಇರುವ ಎರಡು ಕಣಿವೆಗಳು ಹೀಗೆ ಬೇರೆಯಾಗಿರುವುದು ಹೋಲಿಕೆಗೆ ಒಳ್ಳೆಯ ಅವಕಾಶ.

ಘಟ್ಟದ ಮೇಲೆ ಅಘನಾಶಿನಿ ಸಣ್ಣ ಹೊಳೆಯಂತೆ ಹರಿಯುತ್ತದೆ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಸಮೀಪದ ಉಂಚಳ್ಳಿಯಲ್ಲಿ ಅದು 116 ಮೀಟರ್ ಕೆಳಕ್ಕೆ ಧುಮುಕುತ್ತದೆ. ಇದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಎಂದು ಊರವರು ಇದನ್ನು ‘ಕೆಪ್ಪ ಜೋಗ’ ಎಂದೂ ಕರೆಯುತ್ತಾರೆ. ಜಲಪಾತದ ಕೆಳಗೆ ನದಿ ಆಳವಾದ ಕಮರಿಯಲ್ಲಿ ಸಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ನೀರಿನ ವೇಗ ಹೆಚ್ಚು. ಅದು ತಳವನ್ನು ಕೊರೆಯುವಷ್ಟು ಬೇಗ ಪಕ್ಕದ ದಂಡೆಗಳು ಅಗಲವಾಗುವುದಿಲ್ಲ. ಹೀಗಾಗಿ ಕಣಿವೆಯ ಅಡ್ಡಸೀಳು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರ ಪಡೆಯುತ್ತದೆ.

ಇಂಥ ಕಮರಿಯೊಳಗೆ ಬಿಸಿಲು ಬೀಳುವ ಸಮಯ ಕಡಿಮೆ. ಗಾಳಿ ಕಡಿಮೆ, ತೇವ ಹೆಚ್ಚು. ಮಳೆಗಾಲ ಮುಗಿದ ಮೇಲೂ ಹಳ್ಳಗಳು ಹರಿಯುತ್ತಿರುತ್ತವೆ. ಆದ್ದರಿಂದ ಇಲ್ಲಿ ಎಲೆ ಉದುರಿಸದ ನಿತ್ಯಹರಿದ್ವರ್ಣ ಮರಗಳು ಬೆಳೆಯುತ್ತವೆ. ಊರವರು ಇಂಥ ಕಾಡಿಗೆ ‘ಕಾನು’ ಎನ್ನುತ್ತಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ಹಳ್ಳದ ಬುಡದಲ್ಲಿ ವರ್ಷವಿಡೀ ನೀರು ನಿಲ್ಲುವ ‘ರಾಮಪತ್ರೆ ಜಡ್ಡಿ’ಗಳಿವೆ. ಕೆಸರಿನಲ್ಲಿ ಗಾಳಿ ಸಿಗದ ಕಾರಣ ಅಲ್ಲಿನ ಮರಗಳ ಬೇರುಗಳು ಮಂಡಿ ಮಡಿಸಿದಂತೆ ನೆಲದಿಂದ ಮೇಲೆದ್ದು ಮತ್ತೆ ಕೆಳಗಿಳಿಯುತ್ತವೆ. ‘ನೀರು ಮರವನ್ನು ನಿರ್ಧರಿಸುತ್ತದೆ’ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಕಾನಿನ ಮೇಲ್ಛಾವಣಿಯಲ್ಲಿ ಬದುಕುವ ಪ್ರಾಣಿ ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಸಹಜವಾಗಿ ಇಲ್ಲ. ಅಂದರೆ ಪಠ್ಯದಲ್ಲಿ ಬರುವ ‘ಸ್ಥಳೀಯ ಪ್ರಭೇದ’ ಎಂಬ ಪದಕ್ಕೆ ಇದು ನೇರ ಉದಾಹರಣೆ. ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿಯೂ ಇದೆ. ಹಣ್ಣು, ಬೀಜ, ಹುಳಗಳನ್ನು ತಿನ್ನುತ್ತದೆ. ನೆಲಕ್ಕೆ ಇಳಿಯುವುದು ಅಪರೂಪ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ. ವರ್ಷದ ಎಲ್ಲ ತಿಂಗಳೂ ಯಾವುದಾದರೊಂದು ಮರ ಹಣ್ಣು ಬಿಡುವ ಕಾಡು ಇದಕ್ಕೆ ಬೇಕು, ಮತ್ತು ಮರದಿಂದ ಮರಕ್ಕೆ ಕೊಂಬೆ ತಾಗುವಷ್ಟು ದಟ್ಟ ಕಾಡು ಬೇಕು. ಇವೆರಡೂ ಸಿಗುವುದು ತೇವ ಉಳಿದಿರುವ ಕಣಿವೆಗಳಲ್ಲಿ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯದೊಂದಿಗೆ ಸೇರಿಸಿ, ಸಿಂಗಳೀಕದ ಹೆಸರಿನಲ್ಲೇ ವಿಸ್ತರಿಸಲಾಯಿತು.

ಮಕ್ಕಳು ಮೂರು ಬಗೆಯ ಮಂಗಗಳನ್ನು ಒಂದೇ ಎಂದು ಭಾವಿಸುವುದು ಸಹಜ. ಪ್ರಶಿಕ್ಷಣಾರ್ಥಿಗೆ ಈ ವ್ಯತ್ಯಾಸ ಸ್ಪಷ್ಟವಿರಬೇಕು.

ಮಂಗ: ಕಂದು ಬೂದು ಮೈ, ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಹರಡಿದ ಕೂದಲು. ರಸ್ತೆ, ದೇವಸ್ಥಾನ, ತೋಟಗಳ ಬಳಿ ನೆಲದ ಮೇಲೂ ಕಾಣುತ್ತದೆ.

ಮುಸ್ಯ: ಬೂದು ಮೈ, ಕಪ್ಪು ಮುಖ, ಮೈಗಿಂತ ಉದ್ದದ ಬಾಲ. ಎಲೆ ಹೆಚ್ಚಾಗಿ ತಿನ್ನುತ್ತದೆ. ದೊಡ್ಡ ಜಿಗಿತಗಳಲ್ಲಿ ಸಾಗುತ್ತದೆ.

ಸಿಂಗಳೀಕ: ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಣ್ಣ ಗೊಂಡೆ. ಕಾನಿನ ಎತ್ತರದ ಕೊಂಬೆಗಳಲ್ಲಿ ಇರುತ್ತದೆ.

ಹಕ್ಕಿಗಳಲ್ಲಿ ಮಂಗಟ್ಟೆಯನ್ನು ಆರಿಸಿಕೊಳ್ಳಬಹುದು. ಇದನ್ನೇ ಹಾರ್ನ್‌ಬಿಲ್ ಎನ್ನುತ್ತಾರೆ. ಇದು ದೊಡ್ಡ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಹೆಣ್ಣು ಪೊಟರೆಯೊಳಗೆ ಸೇರಿ ಬಾಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳೊಂದನ್ನು ಮಾತ್ರ ಬಿಡುತ್ತದೆ. ಗಂಡು ಹಣ್ಣು ತಂದು ಆ ಸೀಳಿನ ಮೂಲಕ ಉಣಿಸುತ್ತದೆ. ಹಳೆಯ ಮರ ಕಡಿದರೆ ಹಣ್ಣಿನ ಜೊತೆ ಮನೆಯೂ ಹೋಗುತ್ತದೆ ಎಂಬುದನ್ನು ಮಕ್ಕಳು ಇದರಿಂದ ಬೇಗ ಗ್ರಹಿಸುತ್ತಾರೆ. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ಬಹಳ ದೂರಕ್ಕೆ ಕೇಳುತ್ತದೆ. ಹಕ್ಕಿ ಕಾಣುವ ಮೊದಲೇ ಅದರ ಗುರುತು ಸಿಗುತ್ತದೆ.

ಕಲಿಕಾ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು:
1. ನದಿ ಕಣಿವೆಯ ಅಡ್ಡಸೀಳು ಚಿತ್ರ ಬರೆದು, ತೋಟ, ಬೆಟ್ಟ, ಕಾನು, ನೀರು ಇರುವ ಸ್ಥಾನಗಳನ್ನು ಗುರುತಿಸುತ್ತಾರೆ.
2. ತಾವು ಕಂಡದ್ದು, ಕೇಳಿದ್ದು ಮತ್ತು ಊಹಿಸಿದ್ದನ್ನು ಬೇರೆ ಬೇರೆಯಾಗಿ ದಾಖಲಿಸುತ್ತಾರೆ.
3. ಮಂಗ, ಮುಸ್ಯ, ಸಿಂಗಳೀಕಗಳನ್ನು ಕನಿಷ್ಠ ಎರಡು ಲಕ್ಷಣಗಳಿಂದ ಬೇರ್ಪಡಿಸುತ್ತಾರೆ.
4. ಮಳೆಯಿಂದ ಪ್ರಾಣಿಯವರೆಗಿನ ಸಂಬಂಧಗಳ ಸರಪಳಿಯನ್ನು ಕಾರಣ ಸಹಿತ ವಿವರಿಸುತ್ತಾರೆ.
5. ಕಾಡಿನ ಉತ್ಪನ್ನವನ್ನು ಜನ ಬಳಸುವುದು ಮತ್ತು ಪ್ರಾಣಿಗೆ ಉಳಿಸುವುದು, ಈ ಎರಡರ ಬಗ್ಗೆ ಆಧಾರ ಕೊಟ್ಟು ಮಾತನಾಡುತ್ತಾರೆ.

ಭೇಟಿಯ ತಿಂಗಳನ್ನು ಆರಿಸುವುದು

ದಿನಾಂಕವನ್ನು ಬೋಧನಾಭ್ಯಾಸದ ವೇಳಾಪಟ್ಟಿ ನೋಡಿ ಮಾತ್ರ ನಿರ್ಧರಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಮಂಜಿನಿಂದ ಜಲಪಾತವೇ ಕಾಣದಿರುವ ದಿನಗಳು ಹೆಚ್ಚು. ದಾರಿ ಜಾರುತ್ತದೆ, ಉಂಬಳದ ಕಾಟವೂ ಇರುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಅಪಾಯ ಹೆಚ್ಚು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಉಣುಗು ಕಚ್ಚುವುದರಿಂದ ಹರಡುತ್ತದೆ. ಸಿದ್ದಾಪುರ ತಾಲ್ಲೂಕಿನಲ್ಲಿಯೂ ಪ್ರಕರಣಗಳು ಕಂಡುಬಂದಿವೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಅವಧಿ ಇವೆರಡರ ನಡುವೆ ಬರುತ್ತದೆ. ಆಗ ನೀರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಆದರೂ ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿಕೊಳ್ಳಬೇಕು.

ಅಭಯಾರಣ್ಯದ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ, ಶಾಲೆಯ ಅನುಮತಿ ಮತ್ತು ಪೋಷಕರ ಒಪ್ಪಿಗೆ ಪತ್ರ ಮೂರೂ ಬೇಕು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಜೊತೆಗಿರಲಿ. ಮೈ ಮುಚ್ಚುವ ಬಟ್ಟೆ, ಮಾಸಲು ಬಣ್ಣ, ಕಾಲುಚೀಲ ಮತ್ತು ಬೂಟು ಇರಲಿ. ನೀರಿಗೆ ಇಳಿಯುವಂತಿಲ್ಲ, ಬಂಡೆಯ ಅಂಚಿಗೆ ಹೋಗುವಂತಿಲ್ಲ, ಮಂಗಗಳಿಗೆ ತಿಂಡಿ ಕೊಡುವಂತಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಈ ನಿಯಮಗಳಿಗೆ ಕಾರಣವನ್ನೂ ಹೇಳಿ ಬರೆಸಿದರೆ ಮಕ್ಕಳು ತಾವೇ ಪಾಲಿಸುತ್ತಾರೆ.

ಮೊದಲ ಅವಧಿ: ತರಗತಿಯಲ್ಲಿ ಸಿದ್ಧತೆ (40 ನಿಮಿಷ)

ತೊಡಗಿಸಿಕೊಳ್ಳುವಿಕೆ (10 ನಿಮಿಷ). ಮೂರು ಮಂಗಗಳ ಚಿತ್ರಗಳನ್ನು ಹೆಸರಿಲ್ಲದೆ ತೋರಿಸಿ. ‘ಇವುಗಳಲ್ಲಿ ಯಾವುದನ್ನು ನಿಮ್ಮ ಮನೆಯ ಹತ್ತಿರ ನೋಡಿದ್ದೀರಿ? ಎಲ್ಲಿ? ಏನು ಮಾಡುತ್ತಿತ್ತು?’ ಎಂದು ಕೇಳಿ. ಹೆಚ್ಚಿನ ಮಕ್ಕಳು ಮೊದಲ ಎರಡನ್ನು ನೋಡಿರುತ್ತಾರೆ. ಮೂರನೆಯದು ಏಕೆ ಮನೆಯ ಹತ್ತಿರ ಬರುವುದಿಲ್ಲ ಎಂಬ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಹಾಗೆಯೇ ಬಿಡಿ. ಉತ್ತರ ಹೇಳಬೇಡಿ. ಭೇಟಿಯ ಉದ್ದೇಶವೇ ಆ ಪ್ರಶ್ನೆ.

ಕಣಿವೆಯ ಮಾದರಿ (15 ನಿಮಿಷ). ಒಂದು ತಟ್ಟೆಯಲ್ಲಿ ಒದ್ದೆ ಮಣ್ಣು ಮತ್ತು ಮರಳನ್ನು ಇಳಿಜಾರಾಗಿ ಹರಡಿ, ಮೇಲಿನಿಂದ ಲೋಟದಲ್ಲಿ ನೀರು ಹೊಯ್ಯಿರಿ. ಮೊದಲು ಕಡಿಮೆ ಇಳಿಜಾರು, ಅನಂತರ ಹೆಚ್ಚು ಇಳಿಜಾರು. ನೀರು ಎಲ್ಲಿ ಅಗಲವಾಗಿ ಹರಡಿತು, ಎಲ್ಲಿ ಆಳವಾಗಿ ಕೊರೆಯಿತು ಎಂದು ಮಕ್ಕಳೇ ಹೇಳಲಿ. ಶಿಕ್ಷಕರು ‘ವಿ’ ಆಕಾರದ ಅಡ್ಡಸೀಳು ಬರೆದು ತೋರಿಸಲಿ.

ದಾಖಲೆ ಹಾಳೆಯ ಅಭ್ಯಾಸ (15 ನಿಮಿಷ). ಪ್ರತಿ ಮಗುವಿಗೆ ಮೂರು ಕಂಬಸಾಲಿನ ಹಾಳೆ ಕೊಡಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಶಾಲೆಯ ಅಂಗಳದಲ್ಲಿ ಐದು ನಿಮಿಷ ಮಾತಿಲ್ಲದೆ ಕೂತು ಬರೆಯಲು ಹೇಳಿ. ಕಾಗೆಯ ಕೂಗು ಕೇಳಿದ್ದಕ್ಕೆ ‘ಕಾಗೆ ಕಂಡೆ’ ಎಂದು ಬರೆದವರು ಇದ್ದೇ ಇರುತ್ತಾರೆ. ಅದನ್ನು ಇಲ್ಲಿಯೇ ಸರಿಪಡಿಸಿದರೆ ಕಾಡಿನಲ್ಲಿ ಸಮಯ ಉಳಿಯುತ್ತದೆ. ದಿಕ್ಕು ತೋರಿಸಲು ಗಡಿಯಾರದ ಮುಖವನ್ನು ಬಳಸುವ ಅಭ್ಯಾಸ ಮಾಡಿಸಿ. ‘ಅಲ್ಲಿ, ಅಲ್ಲಿ’ ಎಂದು ಕೂಗುವ ಬದಲು ‘ಎರಡು ಗಂಟೆಯ ದಿಕ್ಕಿನಲ್ಲಿ, ಒಣಗಿದ ಮರದ ಎಡಕ್ಕೆ’ ಎಂದು ಮೆಲ್ಲಗೆ ಹೇಳಿದರೆ ಎಲ್ಲರಿಗೂ ಕಾಣುತ್ತದೆ, ಪ್ರಾಣಿಯೂ ಓಡುವುದಿಲ್ಲ.

ಎರಡನೆಯ ಭಾಗ: ಕಣಿವೆಯಲ್ಲಿ (ಬೆಳಗ್ಗೆ 7ರಿಂದ 10.30)

ಬಿಸಿಲೇರುವ ಮೊದಲು ಪ್ರಾಣಿ ಪಕ್ಷಿಗಳ ಓಡಾಟ ಹೆಚ್ಚು. ಹತ್ತು ಗಂಟೆಗೆ ತಲುಪುವ ಪ್ರವಾಸ ಈ ಪಾಠಕ್ಕೆ ಉಪಯೋಗವಿಲ್ಲ. ವೀಕ್ಷಣೆಗೆ ಮೂರು ನಿಲುಗಡೆಗಳನ್ನು ಪ್ರಶಿಕ್ಷಣಾರ್ಥಿ ಹಿಂದಿನ ವಾರವೇ ಹೋಗಿ ನೋಡಿ ನಿಗದಿ ಮಾಡಿರಬೇಕು.

ಮೊದಲ ನಿಲುಗಡೆ: ಕಾನಿನ ಅಂಚು. ಪ್ರಾಣಿಗಳ ಗುರುತಿಗೆ ಜಲಪಾತಕ್ಕಿಂತ ಈ ಜಾಗವೇ ಒಳ್ಳೆಯದು. ಜಲಪಾತದ ಬಳಿ ಸದ್ದಿನಿಂದ ಬೇರೇನೂ ಕೇಳುವುದಿಲ್ಲ, ಆದ್ದರಿಂದ ಅದನ್ನು ಕೊನೆಗೆ ಇಡಬೇಕು. ಇಲ್ಲಿ ಹದಿನೈದು ನಿಮಿಷ ಕೂತು ಕೇಳುವುದು ಮತ್ತು ನೋಡುವುದು. ಮೇಲ್ಛಾವಣಿಯಲ್ಲಿ ಕೆಂದಳಿಲು ಕಟ್ಟಿದ ಎಲೆ ಕಡ್ಡಿಗಳ ಗುಂಡನೆಯ ಗೂಡು, ನೆಲದ ಮೇಲೆ ಕಚ್ಚಿ ಬಿಸಾಡಿದ ಹಣ್ಣು, ಮರದ ಪೊಟರೆ, ಇವೆಲ್ಲ ದಾಖಲಾಗಬೇಕು. ಬಿದ್ದ ಹಣ್ಣಿನ ಮೇಲೆ ಹಲ್ಲಿನ ಗುರುತಿದೆಯೇ, ಕೊಕ್ಕಿನ ಗುರುತಿದೆಯೇ ಎಂದು ಕೇಳಿ. ಅತ್ತಿಯ ಜಾತಿಯ ಮರವಿದ್ದರೆ ಅದರ ಬುಡದಲ್ಲಿ ಒಂದು ಗುಂಪನ್ನು ನಿಲ್ಲಿಸಿ. ಎಲ್ಲ ಅತ್ತಿ ಮರಗಳೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಬೇರೆ ಹಣ್ಣು ಇಲ್ಲದ ತಿಂಗಳಲ್ಲಿ ಯಾವುದೋ ಒಂದು ಅತ್ತಿ ಮರ ಅನೇಕ ಜೀವಿಗಳಿಗೆ ಊಟ ಕೊಡುತ್ತದೆ.

ಎರಡನೆಯ ನಿಲುಗಡೆ: ಹಳ್ಳದ ದಂಡೆ. ನೀರಿನಿಂದ ದೂರದಲ್ಲೇ ನಿಂತು ನೋಡುವುದು. ಒದ್ದೆ ಮಣ್ಣಿನ ಮೇಲೆ ಹೆಜ್ಜೆ, ಬಂಡೆಯ ಮೇಲೆ ಹಿಕ್ಕೆ ಹುಡುಕಲಿ. ಹಿಕ್ಕೆಯಲ್ಲಿ ಏಡಿಯ ಚಿಪ್ಪು, ಮೀನಿನ ಹುರುಪೆ ಇದ್ದರೆ ನೀರುನಾಯಿಯನ್ನು ಊಹಿಸಬಹುದು. ಹಳ್ಳದ ಬಂಡೆಗಳ ನಡುವೆ ಮನುಷ್ಯರು ಸಿಳ್ಳೆ ಹಾಕಿದಂತೆ ಕೇಳಿದರೆ, ಅದು ಪಕ್ಷಿವೀಕ್ಷಕರು ಮಲಬಾರ್ ವಿಸ್ಲಿಂಗ್ ಥ್ರಶ್ ಎಂದು ಕರೆಯುವ ಕಪ್ಪು ನೀಲಿ ಹಕ್ಕಿ ಆಗಿರಬಹುದು. ಹಕ್ಕಿ ಕಾಣದಿದ್ದರೆ ‘ಕೇಳಿದ್ದು’ ಕಂಬಸಾಲಿನಲ್ಲೇ ಬರೆಯಬೇಕು.

ಮೂರನೆಯ ನಿಲುಗಡೆ: ಜಲಪಾತದ ವೀಕ್ಷಣಾ ಸ್ಥಳ. ಇಲ್ಲಿ ಫೋಟೊಗೆ ಮೊದಲು ಚಿತ್ರ. ಹತ್ತು ನಿಮಿಷ ಕಣಿವೆಯ ರೇಖಾಚಿತ್ರ ಬರೆಯಲಿ. ಯಾವ ಕಡೆಯ ಇಳಿಜಾರಿನಲ್ಲಿ ಹಸಿರು ಗಾಢವಾಗಿದೆ, ಎಲ್ಲಿ ತೆಳುವಾಗಿದೆ, ಎಲ್ಲಿ ಬರಿ ಬಂಡೆ ಇದೆ ಎಂದು ಗುರುತಿಸಲಿ. ಬರುವ ದಾರಿಯಲ್ಲಿ ಕಂಡ ಅಡಿಕೆ ತೋಟ, ಅದರ ಮೇಲಿನ ಸೊಪ್ಪಿನ ಬೆಟ್ಟ, ಅದರಾಚೆಯ ಕಾನು ಇವನ್ನೂ ಸೇರಿಸಲಿ. ತೋಟ ಏಕೆ ಯಾವಾಗಲೂ ಕಣಿವೆಯ ತಗ್ಗಿನಲ್ಲೇ ಇರುತ್ತದೆ ಎಂದು ಕೇಳಿದರೆ ಅಡಿಕೆ ಬೆಳೆಗಾರರ ಮಕ್ಕಳು ತಾವೇ ಉತ್ತರಿಸುತ್ತಾರೆ. ನೀರು ಮತ್ತು ನೆರಳನ್ನು ನಂಬಿದ್ದು ಸಿಂಗಳೀಕ ಒಂದೇ ಅಲ್ಲ ಎಂಬುದು ಅವರಿಗೆ ಅಲ್ಲಿ ಹೊಳೆಯುತ್ತದೆ.

ಪ್ರಶ್ನೆ ಕೇಳುವ ರೀತಿ

ವೀಕ್ಷಣಾ ಪಾಠದಲ್ಲಿ ಶಿಕ್ಷಕರ ಕೌಶಲ ಇರುವುದು ಮರುಪ್ರಶ್ನೆಯಲ್ಲಿ. ಒಂದು ಮಾದರಿ ಸಂಭಾಷಣೆ ಹೀಗಿರಬಹುದು.

ವಿದ್ಯಾರ್ಥಿ: ಮೇಡಂ, ಅಲ್ಲಿ ಸಿಂಗಳೀಕ!
ಶಿಕ್ಷಕಿ: ಮೆಲ್ಲಗೆ ಹೇಳು. ನಿನಗೆ ಕಂಡದ್ದು ಏನು?
ವಿದ್ಯಾರ್ಥಿ: ಕೊಂಬೆ ಅಲುಗಿತು.
ಶಿಕ್ಷಕಿ: ಒಂದೇ ಕೊಂಬೆಯಾ, ಬೇರೆಯವೂ ಅಲುಗಿದವಾ?
ವಿದ್ಯಾರ್ಥಿ: ಒಂದಾದ ಮೇಲೆ ಒಂದು. ಎಡಗಡೆಯಿಂದ ಬಲಗಡೆಗೆ.
ಶಿಕ್ಷಕಿ: ಗಾಳಿ ಬೀಸಿದ್ದರೆ ಹೇಗೆ ಅಲುಗುತ್ತಿತ್ತು?
ವಿದ್ಯಾರ್ಥಿ: ಎಲ್ಲ ಒಟ್ಟಿಗೆ ಅಲುಗುತ್ತಿದ್ದವು.
ಶಿಕ್ಷಕಿ: ಹಾಗಾದರೆ ಊಹೆಯ ಕಡೆ ಏನು ಬರೆಯುತ್ತೀಯ?
ವಿದ್ಯಾರ್ಥಿ: ಮರದಿಂದ ಮರಕ್ಕೆ ಹೋಗುವ ಪ್ರಾಣಿ.
ಶಿಕ್ಷಕಿ: ಸಿಂಗಳೀಕ ಅಂತ ಬರೆಯಬಹುದಾ?
ವಿದ್ಯಾರ್ಥಿ: ಮುಖ, ಬಾಲ ಯಾವುದೂ ಕಾಣಲಿಲ್ಲ ಮೇಡಂ. ಮುಸ್ಯನೂ ಆಗಿರಬಹುದು.

ಈ ಸಂಭಾಷಣೆಯಲ್ಲಿ ಶಿಕ್ಷಕಿ ಒಂದು ಮಾಹಿತಿಯನ್ನೂ ಕೊಟ್ಟಿಲ್ಲ, ‘ತಪ್ಪು’ ಎಂದೂ ಹೇಳಿಲ್ಲ. ವಿದ್ಯಾರ್ಥಿ ತನ್ನ ಆಧಾರವನ್ನು ತಾನೇ ತೂಗಿ ನೋಡಿದ್ದಾನೆ. ಇದಕ್ಕೆ ವಿರುದ್ಧವಾಗಿ ‘ಹೌದು, ಸಿಂಗಳೀಕವೇ, ಎಲ್ಲರೂ ಬರೆದುಕೊಳ್ಳಿ’ ಎಂದುಬಿಟ್ಟರೆ, ಇಡೀ ತರಗತಿ ಕಾಣದ ಪ್ರಾಣಿಯನ್ನು ಕಂಡಂತೆ ಬರೆಯುತ್ತದೆ. ವಿಜ್ಞಾನದ ಪಾಠದಲ್ಲಿ ಪ್ರಾಣಿ ಕಾಣದಿರುವುದಕ್ಕಿಂತ ಇದು ದೊಡ್ಡ ನಷ್ಟ.

ಮೂರನೆಯ ಅವಧಿ: ವಿವರಣೆ ಮತ್ತು ವಿಸ್ತರಣೆ (ಎರಡು ಅವಧಿಗಳು)

ಗುಂಪುಗಳು ತಮ್ಮ ಹಾಳೆಗಳನ್ನು ಓದಲಿ. ಕಪ್ಪುಹಲಗೆಯ ಮೇಲೆ ಸರಪಳಿ ಮೂಡಲಿ: ಮಳೆ, ಇಳಿಜಾರು, ಕಮರಿ, ತೇವ, ಎಲೆ ಉದುರದ ಮರ, ವರ್ಷವಿಡೀ ಹಣ್ಣು, ಸಿಂಗಳೀಕ. ಪ್ರತಿ ಕೊಂಡಿಗೂ ‘ನಾವು ಕಂಡ ಆಧಾರ ಯಾವುದು?’ ಎಂದು ಕೇಳಬೇಕು. ಆಧಾರ ಸಿಗದ ಕೊಂಡಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ. ಮೊದಲ ದಿನ ಕಪ್ಪುಹಲಗೆಯಲ್ಲಿ ಬಿಟ್ಟಿದ್ದ ಪ್ರಶ್ನೆಗೆ ಈಗ ಮಕ್ಕಳೇ ಉತ್ತರ ಬರೆಯುತ್ತಾರೆ.

ಬಳಿಕ ಒಂದು ಕೊಂಡಿಯನ್ನು ಅಳಿಸಿ. ರಸ್ತೆ ಅಗಲವಾಗಿ ಎರಡು ಬದಿಯ ಕೊಂಬೆಗಳು ತಾಗದಂತಾದರೆ? ದೊಡ್ಡ ಮರಗಳು ಹೋಗಿ ಪೊಟರೆ ಇಲ್ಲವಾದರೆ? ಕಣಿವೆಯ ತಳದಲ್ಲಿ ನೀರು ನಿಂತರೆ? ಕೊನೆಯ ಪ್ರಶ್ನೆಗೆ ಶರಾವತಿಯ ಹೋಲಿಕೆ ನೆರವಾಗುತ್ತದೆ. ಆ ಅಣೆಕಟ್ಟಿನ ವಿದ್ಯುತ್ತಿನಿಂದ ಉಪಕಾರವಾದವರೂ ಇದ್ದಾರೆ, ಮನೆ ಹೊಲ ಮುಳುಗಿ ಬೇರೆಡೆ ಹೋದವರೂ ಇದ್ದಾರೆ. ಎರಡನ್ನೂ ಹೇಳಬೇಕು.

ವಿಸ್ತರಣೆಗೆ ಉಪ್ಪಾಗೆಯ ಪ್ರಶ್ನೆಯನ್ನು ಆರಿಸಿಕೊಳ್ಳುವುದು ಸೂಕ್ತ. ಉಪ್ಪಾಗೆ ಹಣ್ಣು ಸಿಂಗಳೀಕಕ್ಕೆ ಮುಖ್ಯ ಆಹಾರ. ಮಳೆಗಾಲದಲ್ಲಿ ಅದೇ ಹಣ್ಣನ್ನು ಊರವರೂ ಸಂಗ್ರಹಿಸುತ್ತಾರೆ. ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಅನೇಕ ಮನೆಗಳಿಗೆ ಇದು ಮಳೆಗಾಲದ ಆದಾಯ. ಪೈಪೋಟಿಯಿಂದ ಹಣ್ಣಾಗುವ ಮೊದಲೇ ಕೊಯ್ದರೆ, ಕೊಂಬೆ ಕಡಿದರೆ, ಪ್ರಾಣಿಗೂ ನಷ್ಟ, ಮುಂದಿನ ವರ್ಷ ಕೊಯ್ಯುವವರಿಗೂ ನಷ್ಟ. ಒಣಗಿಸಲು ಬಹಳ ಸೌದೆಯೂ ಬೇಕು.

ಇಲ್ಲಿ ಪ್ರಶಿಕ್ಷಣಾರ್ಥಿ ಎಚ್ಚರ ವಹಿಸಬೇಕು. ತರಗತಿಯಲ್ಲಿ ಉಪ್ಪಾಗೆ ಕೊಯ್ಯುವ ಮನೆಯ ಮಕ್ಕಳು ಇರುತ್ತಾರೆ. ‘ಜನ ಕಾಡನ್ನು ಹಾಳು ಮಾಡುತ್ತಾರೆ’ ಎಂದು ಶಿಕ್ಷಕರು ಹೇಳಿದರೆ ಆ ಮಗುವಿಗೆ ತನ್ನ ಅಪ್ಪ ಅಮ್ಮನ ದುಡಿಮೆಯೇ ತಪ್ಪು ಎಂದು ಕೇಳಿಸುತ್ತದೆ. ಅದು ಮತ್ತೆ ಬಾಯಿ ತೆರೆಯುವುದಿಲ್ಲ. ಆದರೆ ಯಾವ ಮರ ಎಲ್ಲಿದೆ, ಯಾವ ತಿಂಗಳು ಹಣ್ಣಾಗುತ್ತದೆ, ಕೊಂಬೆ ಕಡಿಯದೆ ಹೇಗೆ ಕೊಯ್ಯಬಹುದು ಎಂಬುದನ್ನು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲದ್ದು ಅದೇ ಮಗು. ‘ನಿಮ್ಮ ಮನೆಯಲ್ಲಿ ಹೇಗೆ ಕೊಯ್ಯುತ್ತಾರೆ? ಹಣ್ಣು ಮಾಗಿದೆ ಎಂದು ಹೇಗೆ ತಿಳಿಯುತ್ತಾರೆ?’ ಎಂದು ಕೇಳಿದರೆ ಆ ಮಗು ಪಾಠಕ್ಕೆ ಸಂಪನ್ಮೂಲ ವ್ಯಕ್ತಿಯಾಗುತ್ತದೆ. ಆಮೇಲೆ ‘ಮರದಲ್ಲಿ ಎಷ್ಟು ಬಿಡಬೇಕು, ಯಾವಾಗ ಕೊಯ್ಯಬೇಕು ಎಂಬ ನಿಯಮವನ್ನು ಊರೇ ಮಾಡಿಕೊಂಡರೆ ಅದು ಹೇಗಿರಬೇಕು?’ ಎಂದು ಗುಂಪು ಚರ್ಚೆಗೆ ಬಿಡಬಹುದು. ಸಂರಕ್ಷಣೆ ಎಂಬುದು ದೂರದ ಕಚೇರಿಯ ಆದೇಶ ಮಾತ್ರವಲ್ಲ ಎಂಬ ಅರಿವು ಹೀಗೆ ಬರುತ್ತದೆ.

ಸಮಯವಿದ್ದರೆ ನದಿಯ ಕೆಳತುದಿಯನ್ನೂ ಸೇರಿಸಿ. ಕುಮಟಾ ಭಾಗದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಅಳಿವೆಯ ಕೆಸರಿನಲ್ಲಿ ಬಳಚು ಆಯುತ್ತಾರೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಮೇಲಿನ ಕಾನಿನಿಂದ ಹರಿದ ಸಿಹಿನೀರು ಅಳಿವೆಯ ಉಪ್ಪನ್ನು ಹದಗೊಳಿಸುತ್ತದೆ ಎಂದರೆ, ಸರಪಳಿ ಸಮುದ್ರದವರೆಗೂ ಸಾಗುತ್ತದೆ.

ಮೌಲ್ಯಮಾಪನ

ಎಷ್ಟು ಪ್ರಾಣಿಗಳನ್ನು ಕಂಡರು ಎಂಬುದಕ್ಕೆ ಅಂಕವಿಲ್ಲ. 20 ಅಂಕಗಳನ್ನು ಹೀಗೆ ಹಂಚಬಹುದು:
1. ಅಡ್ಡಸೀಳು ಚಿತ್ರದ ಸ್ಪಷ್ಟತೆ: 4
2. ಕಂಡದ್ದು, ಕೇಳಿದ್ದು, ಊಹಿಸಿದ್ದು ಬೆರೆಯದಂತೆ ಬರೆದಿರುವುದು: 6
3. ಊಹೆಗೆ ಕೊಟ್ಟ ಕಾರಣ: 5
4. ಸರಪಳಿಯ ವಿವರಣೆ: 3
5. ಚರ್ಚೆಯಲ್ಲಿ ಬೇರೆಯವರ ಮಾತು ಕೇಳಿ ಉತ್ತರಿಸಿದ್ದು: 2

ಊಹೆ ತಪ್ಪಾಗಿದ್ದರೂ ಕಾರಣ ಸರಿಯಾಗಿದ್ದರೆ ಮೂರನೆಯ ಅಂಶದಲ್ಲಿ ಪೂರ್ಣ ಅಂಕ ಕೊಡಬೇಕು.

ಬೇರೆ ಊರುಗಳಿಗೆ ಹೊಂದಿಸುವುದು

ಬೋಧನಾಭ್ಯಾಸ ಶಾಲೆ ಜೋಯಿಡಾ ದಾಂಡೇಲಿ ಕಡೆ ಇದ್ದರೆ ಕಾಳಿ ಕಣಿವೆಯನ್ನೂ ಮಂಗಟ್ಟೆಯನ್ನೂ ಕೇಂದ್ರವಾಗಿ ಇಡಬಹುದು. ದಾಂಡೇಲಿಯಲ್ಲಿ ಮಂಗಟ್ಟೆಗಳಿಗಾಗಿಯೇ 2011ರಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಗಿದೆ. ಚಿಕ್ಕಮಗಳೂರು, ಕೊಡಗಿನ ಶಾಲೆಗಳಿಗೆ ಭದ್ರಾ, ಕಾವೇರಿ ಕಣಿವೆಗಳಿವೆ. ಬಯಲುಸೀಮೆಯ ಶಾಲೆಗೆ ಬೆಟ್ಟದ ನದಿ ಹತ್ತಿರ ಇರುವುದಿಲ್ಲ. ಅಲ್ಲಿ ಊರಿನ ಹಳ್ಳ ಅಥವಾ ಕೆರೆಯ ಕೋಡಿಯನ್ನೇ ಆರಿಸಿ, ನೆಲ, ನೀರು, ಗಿಡ, ಜೀವಿ ಎಂಬ ಕ್ರಮವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಜಾಗ ಬದಲಾದರೂ ಮೂರು ಕಂಬಸಾಲಿನ ಹಾಳೆ ಬದಲಾಗುವುದಿಲ್ಲ.

ಮಾರ್ಗದರ್ಶಕ ಉಪನ್ಯಾಸಕರು ಈ ಪಾಠವನ್ನು ವೀಕ್ಷಿಸುವಾಗ ಸಾಮಾನ್ಯ ನಮೂನೆಯ ಜೊತೆಗೆ ಮೂರು ಅಂಶಗಳನ್ನು ಬರೆದುಕೊಳ್ಳುವುದು ಒಳ್ಳೆಯದು. ಪ್ರಶಿಕ್ಷಣಾರ್ಥಿ ಎಷ್ಟು ನಿಮಿಷ ಸುಮ್ಮನಿದ್ದು ಮಕ್ಕಳಿಗೆ ನೋಡಲು ಬಿಟ್ಟರು? ಎಷ್ಟು ಉತ್ತರಗಳಿಗೆ ‘ಆಧಾರ ಏನು?’ ಎಂದು ಮರುಪ್ರಶ್ನೆ ಕೇಳಿದರು? ಸ್ಥಳೀಯ ಮಕ್ಕಳಿಗೆ ಗೊತ್ತಿದ್ದ ವಿಷಯ ಎಷ್ಟು ಸಲ ಪಾಠದೊಳಗೆ ಬಂತು? ಈ ಮೂರಕ್ಕೂ ತೃಪ್ತಿಕರ ಉತ್ತರ ಸಿಕ್ಕಿದರೆ, ಆ ದಿನ ಸಿಂಗಳೀಕ ಕಂಡಿರಲಿ, ಕಾಣದಿರಲಿ, ಪಾಠ ತನ್ನ ಉದ್ದೇಶವನ್ನು ಮುಟ್ಟಿದೆ ಎಂದು ನಮೂನೆಯಲ್ಲಿ ಧಾರಾಳವಾಗಿ ಬರೆಯಬಹುದು.